ಹಾರ-ಶಾಲುಗಳಾಚೆ: ತೇರ್ಗಡೆಯಾದ ಮಕ್ಕಳಿಗೆ ಯಾವ ಉಡುಗೊರೆ ಉಪಯುಕ್ತ?

ಎಸ್ಸೆಸ್ಸೆಲ್ಸಿ ಹಾಗೂ ದ್ವಿತೀಯ ಪಿಯುಸಿ ಫಲಿತಾಂಶಗಳು ಪ್ರಕಟವಾಗುವ ಏಪ್ರಿಲ್-ಮೇ ತಿಂಗಳುಗಳೆಂದರೆ ನಾಡಿನ ಊರೂರುಗಳಲ್ಲಿ ಪೇಢೆ ಹಂಚುವ ಕಾಲ. ಅದರ ಬೆನ್ನಲ್ಲೇ ಪ್ರತಿಭಾ ಪುರಸ್ಕಾರ ಸಮಾರಂಭಗಳ ಸಾಲು ಆರಂಭವಾಗುತ್ತದೆ. ಸಮುದಾಯ ಸಂಘಗಳು, ಹಳೆಯ ವಿದ್ಯಾರ್ಥಿಗಳ ಬಳಗಗಳು, ಸಹಕಾರಿ ಸಂಘಗಳು ಮಕ್ಕಳನ್ನು ವೇದಿಕೆಗೆ ಕರೆದು ಹಾರ ಹಾಕಿ, ಶಾಲು ಹೊದಿಸಿ, ಕೈಗೊಂದು ಸ್ಮರಣಿಕೆ ನೀಡಿ ಕಳುಹಿಸುತ್ತವೆ. ಮನೆಯಲ್ಲಿ ಸೋದರಮಾವ, ಚಿಕ್ಕಪ್ಪ, ಅತ್ತೆಯರದು ಮತ್ತೊಂದು ಬಗೆಯ ಸಂಭ್ರಮ. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಉದ್ಯೋಗದಲ್ಲಿರುವವರು ಊರಿಗೆ ಬರುವಾಗ ಪಾಸಾದ ಹುಡುಗನಿಗೋ ಹುಡುಗಿಗೋ ಏನನ್ನಾದರೂ ತರಲೇಬೇಕು. ಏನನ್ನು ತರಬೇಕು ಎಂಬುದು ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಆದರೆ ಕೆಲವು ಪ್ರದೇಶಗಳಲ್ಲಿ ಅದಕ್ಕೆ ದೊರೆಯುವ ಉತ್ತರವು ಮಗುವಿನ ಓದು ಮುಂದುವರಿಯುವುದೋ ನಿಲ್ಲುವುದೋ ಎಂಬುದರೊಂದಿಗೇ ತಳಕು ಹಾಕಿಕೊಂಡಿರುತ್ತದೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ತಾಲ್ಲೂಕುಗಳು ಅಂತಹ ಪ್ರದೇಶಕ್ಕೆ ತಕ್ಕ ಉದಾಹರಣೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚನೆಗೊಂಡ ವಿಜಯನಗರ ಜಿಲ್ಲೆಯ ಆರು ತಾಲ್ಲೂಕುಗಳ ಪೈಕಿ ಹೊಸಪೇಟೆಯನ್ನು ಬಿಟ್ಟರೆ ಉಳಿಯುವ ಐದು ಇವೇ. ತುಂಗಭದ್ರೆಯ ಅಂಚಿನ ಊರುಗಳನ್ನು ಹೊರತುಪಡಿಸಿದರೆ ಇಲ್ಲಿಯ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದೆ. ಮಳೆ ಕೈಕೊಟ್ಟ ವರ್ಷ ಮಲೆನಾಡಿನ ತೋಟಗಳಿಗೋ ಬೆಂಗಳೂರಿನ ಕಟ್ಟಡ ಕೆಲಸಗಳಿಗೋ ಗುಳೆ ಹೋಗುವ ಕುಟುಂಬಗಳು ಇಲ್ಲಿ ಅಪರೂಪವಲ್ಲ.

ಇದೇ ನೆಲದಲ್ಲಿ ಓದಿನ ಹಸಿವೂ ಅಷ್ಟೇ ತೀವ್ರವಾಗಿದೆ. ಕೊಟ್ಟೂರಿನ ಇಂದು ಪದವಿಪೂರ್ವ ಕಾಲೇಜಿನ ವಿದ್ಯಾರ್ಥಿಗಳು 2019 ಮತ್ತು 2025 ಸೇರಿದಂತೆ ಹಲವು ವರ್ಷ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ರಾಜ್ಯಕ್ಕೇ ಮೊದಲಿಗರಾಗಿದ್ದಾರೆ. ಹೂವಿನಹಡಗಲಿಯಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಅಂಕಗಳಿಸುವ ಸಾಮರ್ಥ್ಯಕ್ಕೆ ಇಲ್ಲಿ ಕೊರತೆಯಿಲ್ಲ. ಅಂಕಪಟ್ಟಿ ಕೈಗೆ ಬಂದ ದಿನದಿಂದ ಮುಂದಿನ ತರಗತಿಯಲ್ಲಿ ಕುಳಿತುಕೊಳ್ಳುವ ದಿನದವರೆಗಿನ ಒಂದೆರಡು ತಿಂಗಳೇ ಬಹಳಷ್ಟು ಕುಟುಂಬಗಳಿಗೆ ಇಕ್ಕಟ್ಟಿನ ಕಾಲ. ಆ ಎರಡು ತಿಂಗಳನ್ನು ದಾಟಿಸುವಂತಹುದೇ ನಿಜವಾದ ಉಡುಗೊರೆ ಎನ್ನಬಹುದು.

ಗಡಿಯಾರದ ಕಾಲ ಸರಿದಿದೆ

ಒಂದು ಕಾಲಕ್ಕೆ ಮೆಟ್ರಿಕ್ ಪಾಸಾದವರಿಗೆ ಕೈಗಡಿಯಾರವೇ ಮೊದಲ ಉಡುಗೊರೆಯಾಗಿತ್ತು. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಲ್ಲಿ ಬೆಂಗಳೂರಿನ ಎಚ್ಎಂಟಿ ಕಾರ್ಖಾನೆ 1961ರಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಮೇಲೆ ಎರಡು-ಮೂರು ತಲೆಮಾರುಗಳ ಕನ್ನಡಿಗರು ಆ ಸಂಸ್ಥೆಯ ಗಡಿಯಾರವನ್ನು ಕಟ್ಟಿಕೊಂಡೇ ಕಾಲೇಜು ಮೆಟ್ಟಿಲು ಹತ್ತಿದರು. ಆ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಅನುಮೋದನೆ ನೀಡಿತು. ಈಗ ಸಮಯ ತೋರಿಸುವ ಕೆಲಸವನ್ನು ಮೊಬೈಲ್ ಫೋನ್ ವಹಿಸಿಕೊಂಡಿದೆ. ಅದಕ್ಕಿಂತ ಮುಖ್ಯವಾಗಿ, ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೂ ರಾಜ್ಯದ ಸಿಇಟಿಗೂ ಕೈಗಡಿಯಾರ ಕಟ್ಟಿಕೊಂಡು ಹೋಗುವಂತಿಲ್ಲ. ಪರೀಕ್ಷೆಗೆಂದು ಕೊಟ್ಟ ಉಡುಗೊರೆ ಪರೀಕ್ಷಾ ಕೇಂದ್ರದ ಬಾಗಿಲಲ್ಲೇ ಕಳಚಿಡಬೇಕಾದ ವಸ್ತುವಾಗಿಬಿಟ್ಟಿದೆ.

ಹಾಗೆಂದು ಗಡಿಯಾರ ಎಲ್ಲರಿಗೂ ನಿರುಪಯುಕ್ತವಲ್ಲ. ನರ್ಸಿಂಗ್ ಓದಲು ಹೊರಟ ಹುಡುಗಿಗೆ ರೋಗಿಯ ನಾಡಿಬಡಿತ ಎಣಿಸಲು ಸೆಕೆಂಡು ಮುಳ್ಳಿರುವ ಸಾದಾ ಗಡಿಯಾರ ನಿತ್ಯದ ಸಾಧನ. ಒಂದೇ ವಸ್ತು ಒಬ್ಬರಿಗೆ ಅಲಂಕಾರ, ಮತ್ತೊಬ್ಬರಿಗೆ ಅಗತ್ಯ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮಗುವನ್ನು ಕೇಳಬೇಕಾದ ಪ್ರಶ್ನೆ "ಎಷ್ಟು ಪರ್ಸೆಂಟು?" ಎಂಬುದಲ್ಲ, "ಮುಂದೆ ಏನು ಓದುತ್ತೀ?" ಎಂಬುದು.

ವಿಜ್ಞಾನಕ್ಕೆ ಹೊರಟವರಿಗೆ ನಿಘಂಟು

ಹಳ್ಳಿಯ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಉತ್ತಮ ಅಂಕ ಪಡೆದ ವಿದ್ಯಾರ್ಥಿ ಪಿಯುಸಿ ವಿಜ್ಞಾನ ವಿಭಾಗಕ್ಕೆ ಸೇರಿದ ಮೊದಲ ವಾರದಲ್ಲೇ ಗೋಡೆಯೊಂದಕ್ಕೆ ಎದುರಾಗುತ್ತಾನೆ. ಅಲ್ಲಿ ಬೋಧನೆ ಇಂಗ್ಲಿಷಿನಲ್ಲಿ, ಪಠ್ಯ ಎನ್‌ಸಿಇಆರ್‌ಟಿಯದು. 'ದ್ಯುತಿಸಂಶ್ಲೇಷಣೆ', 'ವೇಗೋತ್ಕರ್ಷ', 'ವರ್ಗಮೂಲ' ಎಂದು ಕಲಿತದ್ದೆಲ್ಲ ಬೇರೆ ಹೆಸರಿನಲ್ಲಿ ಎದುರು ನಿಲ್ಲುತ್ತದೆ. ವಿಷಯ ತಿಳಿದಿದ್ದರೂ ಪದ ತಿಳಿಯದೆ ಹಿಂದೆ ಬೀಳುವ ಮಕ್ಕಳು ತಮಗೆ ಬುದ್ಧಿಯೇ ಇಲ್ಲವೆಂದು ಭಾವಿಸಿ ಕಾಲೇಜು ಬಿಡುವುದೂ ಉಂಟು.

ಇಂತಹ ವಿದ್ಯಾರ್ಥಿಗೆ ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟಿಗಿಂತ ಸಕಾಲಿಕ ಉಡುಗೊರೆ ಮತ್ತೊಂದಿಲ್ಲ. ಮೈಸೂರು ವಿಶ್ವವಿದ್ಯಾನಿಲಯದ ನಿಘಂಟು, ಪ್ರೊ. ಜಿ. ವೆಂಕಟಸುಬ್ಬಯ್ಯ ಅವರು ರೂಪಿಸಿದ ನಿಘಂಟು ಮೊದಲಾದವು ದಶಕಗಳಿಂದ ಈ ಕೆಲಸ ಮಾಡುತ್ತಿವೆ. ಜೊತೆಗೆ ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳ ಪೂರ್ಣ ಕಟ್ಟನ್ನು ಕೊಡಿಸಿದರೆ ಇನ್ನೂ ಒಳಿತು. ಸರ್ಕಾರಿ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಪುಸ್ತಕ ಉಚಿತವಾಗಿ ದೊರೆಯುತ್ತಿದ್ದುದರಿಂದ, ಪಿಯುಸಿಯಲ್ಲಿ ಪುಸ್ತಕಗಳನ್ನು ಹಣ ಕೊಟ್ಟು ಕೊಳ್ಳಬೇಕೆಂಬ ಲೆಕ್ಕ ಅನೇಕ ಪೋಷಕರ ಮನಸ್ಸಿನಲ್ಲಿ ಇರುವುದೇ ಇಲ್ಲ.

ಕಲಾ ಮತ್ತು ವಾಣಿಜ್ಯ ವಿಭಾಗ

ಕಲಾ ವಿಭಾಗ ಸೇರಿದವರಿಗೆ ಉಡುಗೊರೆ ಬೇಡವೆಂಬಂತೆ ವರ್ತಿಸುವ ಬಂಧುಗಳಿದ್ದಾರೆ. "ಸೈನ್ಸ್ ಸಿಗಲಿಲ್ಲವೇ?" ಎಂಬ ಸಂತಾಪವೇ ಅವರು ಕೊಡುವ ಕಾಣಿಕೆ. ಕೊಟ್ಟೂರಿನ ಫಲಿತಾಂಶಗಳು ಈ ಧೋರಣೆಗೆ ಉತ್ತರ ನೀಡಿವೆ. ಶಿಕ್ಷಕ ವೃತ್ತಿ, ಕಾನೂನು, ಕೆಎಎಸ್‌ನಂತಹ ಸ್ಪರ್ಧಾತ್ಮಕ ಪರೀಕ್ಷೆಗಳ ಕಡೆಗೆ ಕಣ್ಣಿಟ್ಟ ಈ ಮಕ್ಕಳಿಗೆ ಒಂದು ವರ್ಷದ ದಿನಪತ್ರಿಕೆಯ ಚಂದಾ, ಭಾರತದ ಹಾಗೂ ಪ್ರಪಂಚದ ಉತ್ತಮ ಭೂಪಟ ಪುಸ್ತಕ, ಕನ್ನಡ-ಕನ್ನಡ ನಿಘಂಟು, ಸಂವಿಧಾನದ ಕನ್ನಡ ಆವೃತ್ತಿ ಇವು ಪದವಿಯವರೆಗೂ ಜೊತೆಗಿರುತ್ತವೆ. ವಾಣಿಜ್ಯ ವಿದ್ಯಾರ್ಥಿಗೆ ಸಾದಾ ಕ್ಯಾಲ್ಕುಲೇಟರ್ ಹಾಗೂ ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶದ ಕಿರು ತರಬೇತಿಯ ಶುಲ್ಕ ಉಪಯುಕ್ತ.

ಐಟಿಐ, ಡಿಪ್ಲೊಮಾ, ಎಂಜಿನಿಯರಿಂಗ್

ಕೈಕೆಲಸ ಕಲಿಯುವವರ ಉಡುಗೊರೆ ಕೈಯಲ್ಲಿ ಹಿಡಿಯುವಂತಹುದಾಗಿರಬೇಕು. ಎಲೆಕ್ಟ್ರಿಷಿಯನ್ ತರಬೇತಿ ಸೇರಿದವನಿಗೆ ಒಳ್ಳೆಯ ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್ ಜೋಡಿ, ಟೆಸ್ಟರ್, ಮಲ್ಟಿಮೀಟರ್. ಫಿಟ್ಟರ್‌ಗೆ ಸ್ಟೀಲ್ ಅಳತೆಪಟ್ಟಿ ಮತ್ತು ವರ್ನಿಯರ್ ಕ್ಯಾಲಿಪರ್. ಕಲಿಕೆಯ ಜೊತೆಯಲ್ಲೇ ರಜೆಯಲ್ಲಿ ಊರಿನ ಸಣ್ಣಪುಟ್ಟ ಕೆಲಸ ಹಿಡಿಯಲು ಸ್ವಂತ ಉಪಕರಣಗಳು ನೆರವಾಗುತ್ತವೆ.

ಡಿಪ್ಲೊಮಾ ಅಥವಾ ಎಂಜಿನಿಯರಿಂಗ್ ಸೇರುವವರಿಗೆ ಪ್ರೋಗ್ರಾಂ ಅಳವಡಿಸಲಾಗದ ಸೈಂಟಿಫಿಕ್ ಕ್ಯಾಲ್ಕುಲೇಟರ್ ಮೊದಲ ದಿನದಿಂದಲೇ ಬೇಕು. ಪ್ರೋಗ್ರಾಂ ಅಳವಡಿಸಬಹುದಾದ ದುಬಾರಿ ಮಾದರಿಯನ್ನು ಕೊಟ್ಟರೆ ಪರೀಕ್ಷಾ ಕೊಠಡಿಯಲ್ಲಿ ಅದಕ್ಕೆ ಅನುಮತಿ ಸಿಗದು. ಡ್ರಾಫ್ಟರ್ ಕೊಳ್ಳುವ ಮೊದಲು ಅದೇ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರನ್ನು ವಿಚಾರಿಸುವುದು ಜಾಣತನ. ನಕ್ಷೆ ರಚನೆಯ ಬಹುಭಾಗ ಈಗ ಕಂಪ್ಯೂಟರ್‌ಗೆ ವರ್ಗಾವಣೆಗೊಂಡಿದೆ. ಲ್ಯಾಪ್‌ಟಾಪ್ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಅಗತ್ಯವೇ ಹೊರತು ಪಿಯುಸಿ ವಿದ್ಯಾರ್ಥಿಗಲ್ಲ. ಕೊಡುವುದೇ ಆದರೆ ಸೀಟು ಖಚಿತವಾಗಿ, ಯಾವ ಶಾಖೆ ಎಂಬುದು ತಿಳಿದ ಮೇಲೆ ಕೊಡುವುದು ಸೂಕ್ತ.

ಹಾಸ್ಟೆಲ್‌ನ ಟ್ರಂಕು

ಕೂಡ್ಲಿಗಿಯ ಗುಡೇಕೋಟೆ ಕಡೆಯ ಹುಡುಗನೋ ಹರಪನಹಳ್ಳಿಯ ಉಚ್ಚಂಗಿದುರ್ಗದ ಕಡೆಯ ಹುಡುಗಿಯೋ ತಾಲ್ಲೂಕು ಕೇಂದ್ರಕ್ಕೆ, ಹೊಸಪೇಟೆಗೆ, ಬಳ್ಳಾರಿಗೆ ಅಥವಾ ದಾವಣಗೆರೆಗೆ ಹೋಗಿ ಓದಬೇಕಾದಾಗ ಹಾಸ್ಟೆಲ್ ಅನಿವಾರ್ಯ. ಹಾಸ್ಟೆಲ್ ಸೇರುವ ದಿನ ಬೇಕಾಗುವ ವಸ್ತುಗಳ ಪಟ್ಟಿ ತೀರಾ ಸರಳ: ಬೀಗವಿರುವ ಟ್ರಂಕು, ತಟ್ಟೆ-ಲೋಟ, ಬಕೆಟ್ಟು-ಚೊಂಬು, ಹೊದಿಕೆ, ಚಾರ್ಜ್ ಮಾಡಬಹುದಾದ ಓದುವ ದೀಪ, ಗಟ್ಟಿ ಹೊಲಿಗೆಯ ಬ್ಯಾಗು. ಬಿಡಿಬಿಡಿಯಾಗಿ ಇವು ಸಣ್ಣ ವಸ್ತುಗಳು. ಒಟ್ಟಾಗಿ ನೋಡಿದರೆ ಕೂಲಿಯನ್ನೇ ನಂಬಿದ ಮನೆಗೆ ಹಲವು ದಿನಗಳ ದುಡಿಮೆ. ನಾಲ್ಕೈದು ಬಂಧುಗಳು ಒಂದೊಂದು ವಸ್ತುವನ್ನು ಹಂಚಿಕೊಂಡು ಒಂದೇ ಟ್ರಂಕಿನಲ್ಲಿ ತುಂಬಿಸಿ ಕೊಟ್ಟರೆ ಅದಕ್ಕಿಂತ ಸುಂದರವಾದ ಉಡುಗೊರೆ ಇರಲಾರದು.

ಊರಿನಿಂದಲೇ ಓಡಾಡುವವರ ಅಗತ್ಯ ಬೇರೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದಾಗಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನ ಪ್ರಯಾಣ ಉಚಿತವಾಯಿತು. ಹುಡುಗರಿಗೆ ವಿದ್ಯಾರ್ಥಿ ಬಸ್ ಪಾಸಿನ ಹಣ ಕಟ್ಟಿಕೊಡುವುದು ನೇರ ನೆರವು. ಬಸ್ಸು ಬಾರದ ಹಳ್ಳಿಯಿಂದ ಮುಖ್ಯರಸ್ತೆಯವರೆಗೆ ನಡೆಯುವ ಮಕ್ಕಳಿಗೆ ಸೈಕಲ್ಲು ಇಂದಿಗೂ ಉತ್ತಮ ಕೊಡುಗೆಯೇ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ರಾಜ್ಯ ಸರ್ಕಾರ 2006-07ರಲ್ಲಿ ಆರಂಭಿಸಿದಾಗ ಹೆಣ್ಣುಮಕ್ಕಳ ಓಡಾಟದಲ್ಲಿ ಉಂಟಾದ ಬದಲಾವಣೆಯನ್ನು ಈ ಭಾಗದ ಶಿಕ್ಷಕರು ಕಣ್ಣಾರೆ ಕಂಡಿದ್ದಾರೆ.

ಬೈಕು ಬೇಡವೇ ಬೇಡ

"ಪಾಸಾದರೆ ಬೈಕ್ ಕೊಡಿಸುತ್ತೇನೆ" ಎಂಬ ಮಾತು ಈಗ ಹಳ್ಳಿಗಳಲ್ಲೂ ಸಾಮಾನ್ಯ. ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗನ ವಯಸ್ಸು 15-16. ಗೇರ್ ಇರುವ ಬೈಕ್ ಓಡಿಸಲು 18 ವರ್ಷ ತುಂಬಿರಬೇಕು. 16 ವರ್ಷದವರಿಗೆ ದೊರೆಯಬಹುದಾದ ಪರವಾನಗಿ ಗೇರ್ ಇಲ್ಲದ, 50 ಸಿಸಿ ಮೀರದ ವಾಹನಕ್ಕಷ್ಟೇ ಸೀಮಿತ. ರಸ್ತೆಯಲ್ಲಿ ಓಡಾಡುವ ಪೆಟ್ರೋಲ್ ಸ್ಕೂಟರ್‌ಗಳು ಬಹುತೇಕ ಅದಕ್ಕಿಂತ ದೊಡ್ಡವು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ವಾಹನದ ಮಾಲೀಕರಿಗೆ 25 ಸಾವಿರ ರೂಪಾಯಿ ದಂಡ ಹಾಗೂ 3 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ದೊರೆಯದು. ಅಪಘಾತದ ಮಾತು ಹಾಗಿರಲಿ, ಕಾನೂನಿನ ದೃಷ್ಟಿಯಿಂದಲೇ ಇದು ಉಡುಗೊರೆಯಲ್ಲ, ಹೊರೆ.

ಮೊಬೈಲ್ ಫೋನ್ ವಿಚಾರದಲ್ಲಿ ಸ್ವಲ್ಪ ವಿವೇಚನೆ ಬೇಕು. ವಿದ್ಯಾರ್ಥಿವೇತನ, ಸಿಇಟಿ, ಕಾಲೇಜು ಪ್ರವೇಶದ ಅರ್ಜಿಗಳೆಲ್ಲ ಆನ್‌ಲೈನ್ ಆಗಿರುವುದರಿಂದ ಫೋನನ್ನು ಐಷಾರಾಮವೆಂದು ತಳ್ಳಿಹಾಕುವಂತಿಲ್ಲ. ಆದರೆ ದುಬಾರಿ ಫೋನಿಗಿಂತ ಮುಖ್ಯವಾದುದು ಬದಲಾಗದ ಒಂದು ಸಂಖ್ಯೆ. ಅರ್ಜಿಯಲ್ಲಿ ನೀಡಿದ ಸಂಖ್ಯೆಗೇ ಒಟಿಪಿ ಬರುತ್ತದೆ. ಗುಳೆ ಹೋದ ತಂದೆಯ ಜೇಬಿನಲ್ಲಿರುವ ಅಥವಾ ರೀಚಾರ್ಜ್ ಇಲ್ಲದೆ ನಿಂತುಹೋದ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿದ್ದರೆ ಕಡೆಯ ದಿನ ಕೈಚೆಲ್ಲಿ ಕೂರಬೇಕಾಗುತ್ತದೆ. ಮನೆಯಲ್ಲೇ ಉಳಿಯುವವರ ಹೆಸರಿನಲ್ಲಿ ಒಂದು ಸಿಮ್, ಅದಕ್ಕೆ ಒಂದು ವರ್ಷದ ರೀಚಾರ್ಜ್ ಮಾಡಿಸಿಕೊಟ್ಟರೂ ಅದು ಒಳ್ಳೆಯ ಕೊಡುಗೆಯೇ.

ಹೆಚ್ಚು ಹಣ ಬೇಡದ ದೊಡ್ಡ ಉಡುಗೊರೆ: ಕಾಗದಪತ್ರ

ನಗರದಲ್ಲಿ ನೆಲೆಸಿರುವ, ಕಚೇರಿಗಳ ಪರಿಚಯವಿರುವ ಬಂಧುವೊಬ್ಬ ಕೊಡಬಹುದಾದ ಅತ್ಯಂತ ಬೆಲೆಬಾಳುವ ಉಡುಗೊರೆ ಅಂಗಡಿಯಲ್ಲಿ ಸಿಗುವಂತಹುದಲ್ಲ. ಅದು ಅವನ ಎರಡು ದಿನಗಳ ರಜೆ.

ಸಂವಿಧಾನಕ್ಕೆ 98ನೇ ತಿದ್ದುಪಡಿಯ ಮೂಲಕ ಸೇರಿದ 371-ಜೆ ವಿಧಿಯು ಕಲ್ಯಾಣ ಕರ್ನಾಟಕ ಪ್ರದೇಶಕ್ಕೆ ವಿಶೇಷ ಸ್ಥಾನಮಾನ ನೀಡಿದೆ. ಅದರಂತೆ ಈ ಪ್ರದೇಶದ ಶಿಕ್ಷಣ ಸಂಸ್ಥೆಗಳಲ್ಲಿ ಶೇ 70ರಷ್ಟು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಸ್ಥಳೀಯರಿಗೆ ಮೀಸಲು. ಸರ್ಕಾರಿ ನೇಮಕಾತಿಯಲ್ಲೂ ಸ್ಥಳೀಯ ಮೀಸಲಾತಿ ಇದೆ. ಐದೂ ತಾಲ್ಲೂಕುಗಳ ಮಕ್ಕಳು ಇದಕ್ಕೆ ಅರ್ಹರು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ತಾಲ್ಲೂಕು 2018ರಲ್ಲಿ ಮರಳಿ ಬಳ್ಳಾರಿ ಜಿಲ್ಲೆಗೆ ಬಂದುದೇ ಈ ಸೌಲಭ್ಯದ ಬೇಡಿಕೆಯಿಂದಾಗಿ. ಆದರೆ ಸೌಲಭ್ಯ ತಾನಾಗಿಯೇ ಬರುವುದಿಲ್ಲ. ನಿಗದಿತ ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಉಪವಿಭಾಗಾಧಿಕಾರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು. ಸಿಇಟಿ ಅರ್ಜಿಯ ಹೊತ್ತಿಗೆ ಓಡಾಡುವುದಕ್ಕಿಂತ ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲೇ ಮಾಡಿಸಿಡುವುದು ಲೇಸು.

ಇದರ ಜೊತೆಗೆ ನೋಡಬೇಕಾದವು ಇನ್ನೂ ಮೂರು. ಮೊದಲನೆಯದು, ಜಾತಿ-ಆದಾಯ ಪ್ರಮಾಣಪತ್ರ. ಆದಾಯ ಪ್ರಮಾಣಪತ್ರದ ಅವಧಿ 5 ವರ್ಷ. ಐದನೆಯ ತರಗತಿಯಲ್ಲಿದ್ದಾಗ ಮಾಡಿಸಿದ್ದು ಕಾಲೇಜು ಸೇರುವಾಗ ನಡೆಯದು. ನಾಡಕಚೇರಿಯಲ್ಲಿ ಹೊಸದನ್ನು ಪಡೆಯಬೇಕು. ಎರಡನೆಯದು, ಹೆಸರಿನ ತಾಳೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ತಂದೆಯ ಹೆಸರು, ಜನ್ಮದಿನಾಂಕ ಹಾಗೂ ಆಧಾರ್‌ನಲ್ಲಿರುವ ವಿವರ ಒಂದೇ ಆಗಿರಬೇಕು. ಒಂದು ಇನಿಷಿಯಲ್ ವ್ಯತ್ಯಾಸವೂ ವಿದ್ಯಾರ್ಥಿವೇತನವನ್ನು ತಡೆಹಿಡಿಯಬಲ್ಲದು. ಮೂರನೆಯದು, ವಿದ್ಯಾರ್ಥಿಯ ಸ್ವಂತ ಹೆಸರಿನ, ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ. ರಾಜ್ಯದ ವಿದ್ಯಾರ್ಥಿವೇತನದ ಹಣ ನೇರವಾಗಿ ಅಲ್ಲಿಗೇ ಬರುತ್ತದೆ. ಈ ಖಾತೆ ತೆರೆಯಿಸಿ, ಅದರಲ್ಲಿ ಪ್ರಾರಂಭಿಕ ಮೊತ್ತವೊಂದನ್ನು ಇಟ್ಟುಕೊಡುವುದು ನಗದು ಉಡುಗೊರೆಯ ಅತ್ಯುತ್ತಮ ರೂಪ. ಕೊನೆಗೆ ಎಲ್ಲ ಮೂಲಪತ್ರಗಳನ್ನೂ ಅವುಗಳ ಹತ್ತು-ಹತ್ತು ಜೆರಾಕ್ಸ್ ಪ್ರತಿಗಳನ್ನೂ, ಪಾಸ್‌ಪೋರ್ಟ್ ಅಳತೆಯ ಭಾವಚಿತ್ರಗಳನ್ನೂ ಒಂದು ಗಟ್ಟಿ ಫೈಲಿನಲ್ಲಿಟ್ಟು ಕೊಟ್ಟರೆ, ಆ ಫೈಲು ಕೆಲಸ ಸಿಗುವವರೆಗೂ ಮನೆಯ ಪೆಟ್ಟಿಗೆಯಲ್ಲಿ ಜೋಪಾನವಾಗಿರುತ್ತದೆ.

ಹೆಣ್ಣುಮಕ್ಕಳ ಉಡುಗೊರೆ ಹೇಳುವ ಮಾತು

ಹುಡುಗ ಪಾಸಾದರೆ ಫೋನು, ಹುಡುಗಿ ಪಾಸಾದರೆ ಸೀರೆ, ಓಲೆ ಅಥವಾ ಹೆಸರು ಕೆತ್ತಿಸಿದ ಸ್ಟೀಲ್ ಪಾತ್ರೆ. ಈ ರೂಢಿಯನ್ನು ಯಾರೂ ಕೆಟ್ಟ ಮನಸ್ಸಿನಿಂದ ಪಾಲಿಸುವುದಿಲ್ಲ. ಆದರೆ ಉಡುಗೊರೆಗೂ ಒಂದು ಭಾಷೆಯಿದೆ. 16ರ ಹುಡುಗಿಗೆ ಪಾತ್ರೆ ಕೊಟ್ಟ ಬಂಧು ತಿಳಿಯದೆಯೇ ಮದುವೆಯ ಮಾತೆತ್ತಿದಂತಾಗುತ್ತದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇದ್ದರೂ ಹತ್ತನೆಯ ತರಗತಿ ಮುಗಿದ ಬೇಸಿಗೆಯೇ ಅನೇಕ ಹೆಣ್ಣುಮಕ್ಕಳ ಪಾಲಿಗೆ ಕವಲುದಾರಿ. ಅದೇ ಬಂಧು ಕಾಲೇಜಿನ ಪ್ರವೇಶ ಶುಲ್ಕದ ರಸೀದಿಯನ್ನೋ ಪುಸ್ತಕದ ಬ್ಯಾಗನ್ನೋ ಹತ್ತು ಜನರೆದುರು ಕೈಗಿತ್ತರೆ, "ಈ ಹುಡುಗಿ ಓದುತ್ತಾಳೆ" ಎಂದು ಮನೆಯ ಹಿರಿಯರಿಗೆ ಗೌರವದಿಂದಲೇ ತಿಳಿಸಿದಂತಾಗುತ್ತದೆ. ಸೋದರಮಾವನ ಮಾತಿಗೆ ತೂಕವಿರುವ ನಮ್ಮ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

ಒಂದು ಪುಸ್ತಕವೂ ಇರಲಿ

ಪಠ್ಯಕ್ಕೆ ಸಂಬಂಧಿಸದ ಒಂದಾದರೂ ಪುಸ್ತಕ ಉಡುಗೊರೆಯ ಜೊತೆಗಿರುವುದು ಚೆನ್ನ. ಹರಪನಹಳ್ಳಿಯಲ್ಲಿ 1913ರಲ್ಲಿ ಜನಿಸಿದ ಬೀchi ಎಂಬ ಹೆಸರಿನಿಂದ ಪ್ರಸಿದ್ಧರಾದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯಲ್ಲಿ ನೌಕರರಾಗಿದ್ದವರು. ಅ.ನ. ಕೃಷ್ಣರಾಯರ 'ಸಂಧ್ಯಾರಾಗ' ಕಾದಂಬರಿಯ ಓದು ಅವರನ್ನು ಕನ್ನಡ ಸಾಹಿತ್ಯದತ್ತ ತಿರುಗಿಸಿತು. ಕೊಟ್ಟೂರಿನವರಾದ ಕುಂ. ವೀರಭದ್ರಪ್ಪ ಅವರು 'ಅರಮನೆ' ಕಾದಂಬರಿಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ತಮ್ಮದೇ ಊರಿನವರು ಬರೆದ ಪುಸ್ತಕವನ್ನು ಕೈಯಲ್ಲಿ ಹಿಡಿದ ಮಗುವಿಗೆ ಬರಹವೆಂಬುದು ದೂರದ ನಗರದವರ ಸೊತ್ತಲ್ಲ ಎಂಬ ಅರಿವಾಗುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ಇದೇ ಜಿಲ್ಲೆಯಲ್ಲಿರುವ ಹಂಪಿ ಕನ್ನಡ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ಒಳ್ಳೆಯ ಪುಸ್ತಕಗಳು ಕೈಗೆಟುಕುವ ಬೆಲೆಗೆ ದೊರೆಯುತ್ತವೆ.

ಸಂಘ-ಸಂಸ್ಥೆಗಳಿಗೆ ಒಂದು ಸೂಚನೆ

ಸರ್ಕಾರಿ ಸಮಾರಂಭಗಳಲ್ಲಿ ಹಾರ, ತುರಾಯಿ, ಶಾಲುಗಳ ಬದಲು ಕನ್ನಡ ಪುಸ್ತಕ ನೀಡಬೇಕೆಂದು ರಾಜ್ಯ ಸರ್ಕಾರ 2021ರ ಆಗಸ್ಟ್‌ನಲ್ಲಿ ಸೂಚಿಸಿತು. ಪ್ರತಿಭಾ ಪುರಸ್ಕಾರ ಏರ್ಪಡಿಸುವ ಸಂಘಗಳೂ ಈ ದಾರಿ ಹಿಡಿಯಬಹುದು. ಭೌಗೋಳಿಕ ಸೂಚಕದ ಮನ್ನಣೆ ಪಡೆದ ಹಡಗಲಿ ಮಲ್ಲಿಗೆಯ ಒಂದು ಮೊಳ ಹೂವು ಸಾಕು. ಆಳೆತ್ತರದ ಹಾರ, ಗಾಜಿನ ಸ್ಮರಣಿಕೆಗಳಿಗೆ ತಗಲುವ ವೆಚ್ಚವನ್ನು ಒಟ್ಟುಗೂಡಿಸಿದರೆ ಹಲವು ಮಕ್ಕಳ ಪುಸ್ತಕ ಹಾಗೂ ಪ್ರವೇಶ ಶುಲ್ಕಕ್ಕಾಗುತ್ತದೆ. ಸಮಾರಂಭವನ್ನು ಡಿಸೆಂಬರ್‌ಗೆ ಮುಂದೂಡದೆ ಕಾಲೇಜು ಆರಂಭಕ್ಕೆ ಮೊದಲೇ ನಡೆಸಿದರೆ ಆ ಹಣ ಸಕಾಲದಲ್ಲಿ ತಲುಪುತ್ತದೆ.

ಇನ್ನೊಂದು ಮಾತು. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ಮುಂದೊಂದು ದಿನ ಮರಳಿಸುವ ಪದ್ಧತಿ ಈ ಭಾಗದಲ್ಲಿ ಜೀವಂತವಾಗಿದೆ. ಓದಿನ ಉಡುಗೊರೆಯನ್ನು ಆ ಲೆಕ್ಕಕ್ಕೆ ಸೇರಿಸಬಾರದು. ತೀರಿಸಬೇಕಾದ ಋಣವೆಂದು ತಿಳಿದರೆ ಬಡ ತಂದೆ-ತಾಯಿ ಅದನ್ನು ಸ್ವೀಕರಿಸಲು ಹಿಂಜರಿಯುತ್ತಾರೆ. ಆ ಮಗು ಮುಂದೆ ದುಡಿಯುವಂತಾದಾಗ ತನ್ನೂರಿನ ಮತ್ತೊಂದು ಮಗುವಿಗೆ ಟ್ರಂಕು ಕೊಡಿಸಿದರೆ ಆ ಮುಯ್ಯಿ ತೀರಿದಂತೆಯೇ.

ಅನುತ್ತೀರ್ಣರಾದವರನ್ನೂ ಮರೆಯುವಂತಿಲ್ಲ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಈಗಿದೆ. ಮರುಪರೀಕ್ಷೆಯ ಶುಲ್ಕ ಕಟ್ಟಿ, ಕೈತಪ್ಪಿದ ವಿಷಯಕ್ಕೆ ಒಂದು ತಿಂಗಳ ಪಾಠದ ವ್ಯವಸ್ಥೆ ಮಾಡಿಕೊಡುವ ಬಂಧು ಕೊಡುವುದು ಒಂದು ವರ್ಷವನ್ನೇ. ಪಾಸಾದವರ ಮನೆಗೆ ಪೇಢೆ ಹಿಡಿದು ಹೋಗುವವರು ಹಲವರಿರುತ್ತಾರೆ; ಪಕ್ಕದ ಮನೆಯ ಬಾಗಿಲನ್ನೂ ಒಮ್ಮೆ ತಟ್ಟುವವರು ಬೇಕಾಗಿದ್ದಾರೆ.